ಆಟಿಕೆ ನಾಯಿಗಾ, ನಮ್ಮ ಫೋಟೋಗಾ?

ಪೆಟ್ ಶಾಪ್‌ನಲ್ಲಿರುವ ಅರ್ಧ ಸಾಮಾನು ನಾಯಿಗಲ್ಲ, ನಾಯಿ ಸಾಕಿದವರಿಗೆ. ಇದು ನನ್ನ ಗಟ್ಟಿ ಅಭಿಪ್ರಾಯ, ಬೇಜಾರಾದವರು ಬೈದುಕೊಳ್ಳಿ. ಪಿಜ್ಜಾ ಆಕಾರದ ಬೊಂಬೆ, ಬರ್ಗರ್ ಆಕಾರದ ಬೊಂಬೆ, ಹುಟ್ಟುಹಬ್ಬಕ್ಕೆ ಗುಲಾಬಿ ಕೇಕು, ಹಸಿರು ಕೆಂಪು ಬಿಸ್ಕತ್ತು. ನಾಯಿಗೆ ಕೆಂಪು ಬಣ್ಣ ಕೆಂಪಾಗಿ ಕಾಣುವುದೇ ಇಲ್ಲ ಮಾರಾಯ್ರೇ. ಅದರ ಕಣ್ಣಿಗೆ ಚೆನ್ನಾಗಿ ಗೊತ್ತಾಗುವುದು ನೀಲಿ ಮತ್ತು ಹಳದಿ. ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆದು 'ಹುಡುಕು' ಅಂದರೆ ಪಾಪ ಅದು ಮೂಗಿನಿಂದಲೇ ಹುಡುಕಬೇಕು. ಆದರೂ ಅಂಗಡಿ ತುಂಬ ಕೆಂಪು, ಕಿತ್ತಳೆ, ಗುಲಾಬಿ. ದುಡ್ಡು ಕೊಡುವವರು ನಾವಲ್ವಾ, ಅದಕ್ಕೆ.

ಆಟಿಕೆ ತಗೊಳ್ಳುವಾಗ ನಾನು ಮುಖ್ಯವಾಗಿ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಹರಿದ ಮೇಲೆ ಇದರಿಂದ ಏನೇನು ಆಚೆ ಬರುತ್ತದೆ? ನಮ್ಮ ಮನೆಯ ಚುಕ್ಕಿ ಬೀದಿಯಿಂದ ಬಂದ ದೇಸಿ ನಾಯಿ. ಅವಳಿಗೆ ಒಂದು ಬೊಂಬೆ ಕೊಟ್ಟು ಸುಮ್ನೆ ಕೂತು ನೋಡಬೇಕು. ಎರಡು ಮುಂಗಾಲಿನ ನಡುವೆ ಒತ್ತಿ ಹಿಡಿಯುತ್ತಾಳೆ. ಗಬಕ್ಕಂತ ಕಚ್ಚುವುದಿಲ್ಲ. ಮೊದಲು ಹೊಲಿಗೆ ಎಲ್ಲಿದೆ ಅಂತ ಮೂಗಲ್ಲಿ ತಡಕುತ್ತಾಳೆ, ಆಮೇಲೆ ಮುಂದಿನ ಪುಟ್ಟ ಹಲ್ಲುಗಳಿಂದ, ಜೋಳದ ತೆನೆಯಿಂದ ಕಾಳು ಬಿಡಿಸುವ ಹಾಗೆ, ಒಂದೊಂದೇ ಎಳೆ ಕಿತ್ತು ಕಿತ್ತು ಕಿವಿಯ ಹತ್ತಿರ ಒಂದು ತೂತು ಮಾಡುತ್ತಾಳೆ. ಅಲ್ಲಿಂದ ಶುರು, ಬಿಳಿ ಹತ್ತಿ ಕೋಣೆ ತುಂಬ. ಕೊನೆಗೆ ಕೀಕ್ ಕೀಕ್ ಅನ್ನುವ ಆ ಪ್ಲಾಸ್ಟಿಕ್ ಪೀಪಿ ಸಿಗುತ್ತದೆ. ಅದಕ್ಕಾಗಿಯೇ ಇಷ್ಟು ಹೊತ್ತು ದುಡಿದದ್ದು. ಆ ಪೀಪಿ ಗಂಟಲಿಗೆ ಇಳಿಯುವ ಅಳತೆಯಲ್ಲೇ ಇರುತ್ತದೆ. ಗುಂಡಿಯ ಕಣ್ಣು, ಅಂಟಿಸಿದ ಮೂಗು, ಲೈಟ್ ಹತ್ತುವ ಚೆಂಡಿನ ಒಳಗಿನ ಸಣ್ಣ ಬಟನ್ ಸೆಲ್, ಎಲ್ಲದರದ್ದೂ ಇದೇ ಕಥೆ. ಬಟನ್ ಸೆಲ್ ಅಂತೂ ಅನ್ನನಾಳವನ್ನೇ ಸುಟ್ಟುಬಿಡುತ್ತದೆ.

ಮಕ್ಕಳ ಆಟಿಕೆಗಾದರೆ 2021ರಿಂದ ಐಎಸ್ಐ ಮಾರ್ಕು ಕಡ್ಡಾಯ. ಆದರೆ ಆ ಆದೇಶ ಇರುವುದು 14 ವರ್ಷದೊಳಗಿನ ಮಕ್ಕಳು ಆಡುವ ಸಾಮಾನಿಗೆ. ನಾಯಿಯ ಆಟಿಕೆ ಅದರಲ್ಲಿ ಬರುವುದಿಲ್ಲ. ಪ್ಯಾಕೆಟ್ ಮೇಲೆ 'ನಾನ್ ಟಾಕ್ಸಿಕ್' ಅಂತ ಬರೆದಿದ್ದರೆ ಅದು ಕಂಪನಿಯವರು ತಾವೇ ಹೇಳಿಕೊಂಡ ಮಾತು. ಹಾಗಾಗಿ ನಾನು ಮೊದಲು ಮೂಸಿ ನೋಡುತ್ತೇನೆ, ಅಂಗಡಿಯವನು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ. ಪೆಟ್ರೋಲು, ಪೇಂಟಿನ ಘಾಟು ಬಂದರೆ ವಾಪಸ್ ಇಟ್ಟುಬಿಡುತ್ತೇನೆ.

ಇನ್ನು ಗಟ್ಟಿ ಸಾಮಾನಿನ ವಿಷಯ. ಇದರಲ್ಲಿ ಜನಕ್ಕೆ ಇರುವ ತಪ್ಪು ತಿಳಿವಳಿಕೆ ದೊಡ್ಡದು. ನಾಯಿಯ ಹಲ್ಲು ಕಬ್ಬಿಣದ್ದು, ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದಾರೆ. ಜಿಂಕೆ ಕೊಂಬು, ದನದ ಗೊರಸು, ಗಟ್ಟಿ ನೈಲಾನ್ ಮೂಳೆ, ಈಗ ಎಲ್ಲ ಕಡೆ ಸಿಗುವ ಹಿಮಾಲಯದ ಗಟ್ಟಿ ಚೀಸ್ ಕಡ್ಡಿ, ಇವನ್ನೆಲ್ಲ ಕಡಿದು ಕಡಿದು ಮೇಲಿನ ದವಡೆಯ ದೊಡ್ಡ ಹಲ್ಲು ಸೀಳಿಕೊಂಡು ಬರುವ ನಾಯಿಗಳು ಎಷ್ಟೋ. ಪಶುವೈದ್ಯರ ಒಂದು ಮಾತಿದೆ. ಆ ಮೂಳೆಯಿಂದ ನಿಮ್ಮ ಮಂಡಿಚಿಪ್ಪಿಗೆ ಹೊಡೆಯಲು ನೀವು ಒಪ್ಪದಿದ್ದರೆ ಅದನ್ನು ನಾಯಿಯ ಬಾಯಿಗೂ ಕೊಡಬೇಡಿ ಅಂತ. ನಾನು ಮಂಡಿಗೆ ಹೊಡೆದುಕೊಳ್ಳುವುದಿಲ್ಲ, ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡುತ್ತೇನೆ. ಸ್ವಲ್ಪ ತಗ್ಗು ಬಿದ್ದರೆ ಸರಿ, ಉಗುರೇ ನೊಂದರೆ ಬೇಡ. ಚನ್ನಪಟ್ಟಣದ ಬೊಂಬೆ ಅರಗಿನ ಬಣ್ಣದ್ದು, ವಿಷ ಇರುವುದಿಲ್ಲ, ನಾಯಿಗೂ ಕೊಡಬಹುದಲ್ವಾ ಅಂತ ಗೆಳತಿಯೊಬ್ಬಳು ಕೇಳಿದ್ದಳು. ಬಣ್ಣದ ಚಿಂತೆ ಇಲ್ಲ ಸರಿ, ಆದರೆ ಅದು ಮರ ಕಣೇ. ಕಡಿದರೆ ಸಿಬಿರೇಳುತ್ತದೆ. ಮಗುವಿಗೇ ಕೊಡು ಅಂದೆ.

ಎರಡೂ ತುದಿಗೆ ಗಂಟು ಹಾಕಿದ ಬಿಳಿ ಮೂಳೆ ಇದೆಯಲ್ಲ, ಅದು ಮೂಳೆಯೇ ಅಲ್ಲ. ರಾಹೈಡ್. ಚರ್ಮದ ಒಳಪದರ, ಚರ್ಮೋದ್ಯಮದಲ್ಲಿ ಉಳಿದದ್ದು. ನೆಂದು ಮೆತ್ತಗಾದ ತುಂಡನ್ನು ನಾಯಿ ಹಾಗೇ ನುಂಗಿದರೆ ಹೊಟ್ಟೆಯಲ್ಲಿ ಊದಿಕೊಳ್ಳುತ್ತದೆ. 'ಹಲ್ಲು ಕ್ಲೀನ್ ಆಗುತ್ತೆ ಮೇಡಂ' ಅಂತ ಕೊಡುತ್ತಾರೆ. ನನ್ನ ಮನೆಗೆ ಅದು ಬರುವುದಿಲ್ಲ.

ಹಾಗಾದರೆ ಏನು ತಗೊಳ್ಳಬೇಕು? ರಬ್ಬರು. ಗಟ್ಟಿ ಇರಬೇಕು, ಒತ್ತಿದರೆ ಬಗ್ಗಬೇಕು. ಅಮೆರಿಕದ ಜೋ ಮಾರ್ಕ್‌ಹ್ಯಾಮ್ ಅನ್ನುವವರ ಜರ್ಮನ್ ಶೆಫರ್ಡ್ ಫ್ರಿಟ್ಜ್ ಕಲ್ಲು ಕಚ್ಚಿ ಕಚ್ಚಿ ಹಲ್ಲು ಸವೆಸಿಕೊಳ್ಳುತ್ತಿತ್ತಂತೆ. ಅವರು ಹಳೆಯ ಫೋಕ್ಸ್‌ವ್ಯಾಗನ್ ಬಸ್ಸು ರಿಪೇರಿ ಮಾಡುತ್ತಾ ಕೂತಿದ್ದಾಗ ಸಸ್ಪೆನ್ಷನ್‌ನ ಒಂದು ರಬ್ಬರ್ ಭಾಗವನ್ನು ನಾಯಿ ಹಿಡಿದುಕೊಂಡು ಬಿಡಲೇ ಇಲ್ಲ. 1976ರಲ್ಲಿ ಶುರುವಾದ ಕಾಂಗ್ ಅನ್ನುವ ಟೊಳ್ಳು ರಬ್ಬರ್ ಆಟಿಕೆಯ ಮೂಲ ಅದು. ಅದೇ ಬ್ರ್ಯಾಂಡು ಬೇಕು ಅಂತೇನಿಲ್ಲ, ನಮ್ಮಲ್ಲಿ ಕಡಿಮೆ ಬೆಲೆಗೂ ಆ ಥರದ್ದು ಸಿಗುತ್ತದೆ. ಎರಡೂ ಕಡೆ ತೂತು ಇದೆಯಾ ಅಂತ ಮಾತ್ರ ನೋಡಿ. ಒಂದೇ ತೂತಿನ ಚೆಂಡಿನಲ್ಲಿ ಗಾಳಿ ಎಳೆದುಕೊಂಡು ನಾಲಿಗೆ ಸಿಕ್ಕಿಹಾಕಿಕೊಂಡ ನಾಯಿಗಳಿವೆ. ಚೆಂಡು ಬಾಯಿಯ ಅಳತೆಗಿಂತ ದೊಡ್ಡದಿರಲಿ. ಮರಿಗೆ ಅಂತ ತಂದ ಚೆಂಡು ಆರು ತಿಂಗಳಿಗೆ ಅದೇ ನಾಯಿಯ ಗಂಟಲಿಗೆ ಸರಿಹೋಗುವಷ್ಟು ಆಗಿರುತ್ತದೆ. ಟೆನಿಸ್ ಬಾಲ್ ಎಸೆದು ತರಿಸಲು ಸರಿ, ಕಡಿಯಲು ಬಿಡಬೇಡಿ. ಮೇಲಿನ ಆ ನೂಲಿನ ಪದರ ಮಣ್ಣು ಹಿಡಿದು ಮರಳುಕಾಗದವಾಗಿ ಹಲ್ಲು ಸವೆಸುತ್ತದೆ.

ಇನ್ನೊಂದು, ತಳಿ ನೋಡದೆ ಆಟಿಕೆ ತರಬೇಡಿ. ಮುಧೋಳದ ನಾಯಿಗೆ ಓಡುವುದೇ ಆಟ. ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗಲು ಹುಟ್ಟಿದ ಜೀವ ಅದು. ಅದನ್ನು ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿಟ್ಟು ಒಂದು ರಬ್ಬರ್ ಮೂಳೆ ಕೊಟ್ಟರೆ ಅದು ಸೋಫಾ ಕಿತ್ತುಹಾಕದೆ ಇನ್ನೇನು ಮಾಡುತ್ತದೆ? ಅದಕ್ಕೆ ಮೈದಾನ ಬೇಕು, ಉದ್ದ ಕೋಲಿಗೆ ಹಗ್ಗದಲ್ಲಿ ಬಟ್ಟೆ ಕಟ್ಟಿ ಓಡಿಸಬೇಕು. ಲ್ಯಾಬ್ರಡಾರ್‌ಗೆ ಬಾಯಿಯಲ್ಲಿ ಏನಾದರೂ ಹೊತ್ತುಕೊಂಡು ತಿರುಗಬೇಕು, ಅಷ್ಟಿದ್ದರೆ ಖುಷಿ. ನಮ್ಮ ದೇಸಿ ನಾಯಿಗಳಿಗೆ ಮೂಗಿನ ಕೆಲಸ ಕೊಡಿ. ಊಟದ ಒಂದು ಪಾಲನ್ನು ಹಳೆಯ ಟವಲಿನಲ್ಲಿ ಸುರುಳಿ ಸುತ್ತಿ ಕೊಟ್ಟು ನೋಡಿ. ಬಿಚ್ಚಿ, ಮೂಸಿ, ಹುಡುಕಿ ಮುಗಿಸುವಷ್ಟರಲ್ಲಿ ಒಂದು ವಾಕಿಂಗ್‌ನಷ್ಟು ದಣಿದಿರುತ್ತವೆ.

'ಲಿಕ್ ಮ್ಯಾಟ್' ಅಂತ ಐನೂರು ಆರುನೂರು ರೂಪಾಯಿಗೆ ಮಾರುತ್ತಾರೆ. ನಾಯಿ ನೆಕ್ಕುತ್ತಾ ಕೂತಿರಲಿ ಅಂತ ತಗ್ಗು ತಗ್ಗಾಗಿರುವ ಒಂದು ತಟ್ಟೆ. ನಮ್ಮ ಮನೆಗಳಲ್ಲಿ ಇಡ್ಲಿ ತಟ್ಟೆ ಇದೆ! ಹಳೆಯ ಇಡ್ಲಿ ತಟ್ಟೆಯ ಕುಳಿಗಳಿಗೆ ಉಪ್ಪಿಲ್ಲದ ಮೊಸರನ್ನ ಸವರಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಕೊಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದ ಸ್ಟೀಲಿಗೆ ನಾಲಿಗೆ ಅಂಟಿಕೊಳ್ಳುತ್ತದೆ. ಕೆಳಗೆ ಗೋಣಿಚೀಲ ಹಾಸಿ, ಇಲ್ಲದಿದ್ದರೆ ಅದು ನೆಕ್ಕಿದಂತೆಲ್ಲ ತಟ್ಟೆ ಟಣಟಣ ಅಂತ ಮನೆಯೆಲ್ಲ ಸುತ್ತುತ್ತದೆ, ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ.

ಈಗ ತಿಂಡಿ. ದಿನದ ಒಟ್ಟು ಕ್ಯಾಲೊರಿಯಲ್ಲಿ ಟ್ರೀಟ್‌ನ ಪಾಲು ಶೇ 10 ದಾಟಬಾರದು ಅನ್ನುವುದು ಪಶುವೈದ್ಯರು ಎಲ್ಲ ಕಡೆ ಹೇಳುವ ಲೆಕ್ಕ. ಹತ್ತು ಕಿಲೋ ತೂಕದ, ಮರಿ ಆಗದಂತೆ ಆಪರೇಷನ್ ಆದ, ಮನೆಯೊಳಗೇ ಇರುವ ನಾಯಿಗೆ ದಿನಕ್ಕೆ ಸುಮಾರು 550–600 ಕ್ಯಾಲೊರಿ ಸಾಕು. ಒಂದು ಮಾರಿ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲೊರಿ. ಅಂದರೆ ಎರಡು ಬಿಸ್ಕತ್ತಿಗೆ ದಿನದ ಕೋಟಾ ಮುಗಿಯಿತು. ನಮ್ಮ ಮನೆಗಳಲ್ಲಿ ಹೇಗೆ? ಬೆಳಗಿನ ಕಾಫಿಗೆ ತಾತ ಒಂದು ಕೊಡುತ್ತಾರೆ, ಪೇಪರ್ ಓದುತ್ತಾ ಅಪ್ಪ ಒಂದು, ಸ್ಕೂಲಿಂದ ಬಂದ ಮಗು ಎರಡು, ಕೆಲಸಕ್ಕೆ ಬರುವ ಅಕ್ಕ ಪ್ರೀತಿಯಿಂದ ಇನ್ನೊಂದು, ಸಂಜೆ ಮತ್ತೆ ತಾತ. ಯಾರನ್ನು ಕೇಳಿದರೂ 'ನಾನು ಒಂದೇ ಕೊಟ್ಟಿದ್ದು' ಅನ್ನುತ್ತಾರೆ. ಲ್ಯಾಬ್ರಡಾರ್ ಆದರೆ ಇನ್ನೂ ಕಷ್ಟ. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಕಂಡುಕೊಂಡ ಹಾಗೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಹಸಿವಿನ ಜೀನ್‌ನಲ್ಲೇ ಒಂದು ತುಂಡು ಇರುವುದಿಲ್ಲ. ಅದು ಡವ್ವಲ್ಲ, ಅದಕ್ಕೆ ನಿಜವಾಗಿ ಹಸಿವು. ಅಂಥದ್ದಕ್ಕೆ ಸೌತೆಕಾಯಿ ಹೋಳು ಕೊಡಿ, ಬೇಯಿಸಿದ ಬೀನ್ಸ್ ಕೊಡಿ, ಸಿಹಿಗುಂಬಳ ಕೊಡಿ. ಟ್ರೇನಿಂಗ್ ಮಾಡುವಾಗ ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಸಣ್ಣಗೆ ಬಿಡಿಸಿಟ್ಟುಕೊಳ್ಳಿ. ನಾಯಿ ಎಷ್ಟು ಸಲ ಸಿಕ್ಕಿತು ಅಂತ ನೋಡುತ್ತದೆ, ತುಂಡು ಎಷ್ಟು ದೊಡ್ಡದು ಅಂತ ಅಲ್ಲ.

ಪ್ಯಾಕೆಟ್ ತಿಂಡಿಯೇ ಬೇಕು ಅನ್ನುವವರು ಮುಂದಿನ ಫೋಟೋ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಒಣಗಿಸಿದ ಮಾಂಸದ ಜರ್ಕಿ ಎಲ್ಲಿ ತಯಾರಾಯಿತು ಅಂತ ನೋಡಿ. 2007ರಿಂದ ಅಮೆರಿಕದಲ್ಲಿ ಜರ್ಕಿ ತಿಂದ ಸಾವಿರಾರು ನಾಯಿಗಳಿಗೆ ಹುಷಾರು ತಪ್ಪಿದೆ ಅಂತ ದೂರುಗಳು ಬಂದವು, ಸಾವಿರಕ್ಕೂ ಜಾಸ್ತಿ ನಾಯಿಗಳು ಸತ್ತ ವರದಿಯಾಯಿತು. ಅವುಗಳಲ್ಲಿ ಬಹುಪಾಲು ಚೀನಾದಿಂದ ಬಂದ ಜರ್ಕಿ. ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವರ್ಷಗಟ್ಟಲೆ ತನಿಖೆ ಮಾಡಿದರೂ ಇದೇ ಕಾರಣ ಅಂತ ಒಂದನ್ನು ಬೊಟ್ಟು ಮಾಡಿ ತೋರಿಸಲು ಆಗಲಿಲ್ಲ. ಪೀನಟ್ ಬಟರ್ ಕೊಡುವುದಾದರೆ ಲೇಬಲ್‌ನಲ್ಲಿ ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಅಥವಾ ಅದರ ಸಂಖ್ಯೆ ಐಎನ್‌ಎಸ್ 967 ಇದೆಯಾ ನೋಡಿ. ಶುಗರ್‌ಫ್ರೀ ಚ್ಯೂಯಿಂಗ್ ಗಮ್‌ನಲ್ಲೂ ಇದೇ ಇರುತ್ತದೆ. ನಾಯಿಯ ಹೊಟ್ಟೆಗೆ ಹೋದರೆ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು, ಲಿವರ್ ಕೂಡ ಕೆಡಬಹುದು. ಹುರಿದ ಕಡಲೆಬೀಜವನ್ನು ಉಪ್ಪು, ಬೆಲ್ಲ ಹಾಕದೆ ಮಿಕ್ಸಿಗೆ ಹಾಕಿದರೆ ಆಯಿತಪ್ಪಾ.

ಮನೆಯ ಅಡುಗೆಯೇ ಒಳ್ಳೆಯದು ಅನ್ನುವವರಿಗೂ ಒಂದು ಮಾತು. ಚಾಕೊಲೇಟ್ ಬೇಡ ಅಂತ ಈಗ ಮಕ್ಕಳಿಗೂ ಗೊತ್ತು. ಆದರೆ ಕೇಸರಿಬಾತಿನ ಒಣದ್ರಾಕ್ಷಿ? ಪಲ್ಯದ ಈರುಳ್ಳಿ, ಒಗ್ಗರಣೆಯ ಬೆಳ್ಳುಳ್ಳಿ? ದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ, ಈರುಳ್ಳಿ ಬೆಳ್ಳುಳ್ಳಿ ರಕ್ತ ಕೆಡಿಸುತ್ತವೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂತ 2021ರಲ್ಲಿ ಅಮೆರಿಕದ ಪಶುವಿಷ ತಜ್ಞರು ಬರೆದರು. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ, ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿಯೂ ಬಂದಿದೆ. ಉಳಿದ ಸಾರನ್ನ, ಪುಳಿಯೋಗರೆಯನ್ನು ನಾಯಿ ತಟ್ಟೆಗೆ ಸುರಿಯುವ ಅಭ್ಯಾಸ ಇದ್ದವರು ಇದನ್ನು ಎರಡು ಸಲ ಓದಿಕೊಳ್ಳಿ. ಮಳೆಗಾಲದಲ್ಲಿ ಸುಟ್ಟ ಜೋಳ ತಿಂದು ದಿಂಡು ಬಿಸಾಡುತ್ತೀರಲ್ಲ, ಬೇಸಿಗೆಯಲ್ಲಿ ಮಾವಿನ ಗೊರಟೆ, ಇವೆರಡೂ ನಾಯಿಯ ಕರುಳಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕುಯ್ಯಬೇಕಾಗುತ್ತದೆ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಅದೂ ಬೇಡ.

ಬೆಕ್ಕಿನವರು ಕೋಪ ಮಾಡಿಕೊಳ್ಳಬೇಡಿ, ನಿಮಗೂ ಇದೆ. ಬೆಕ್ಕಿಗೆ ದಾರದಷ್ಟು ಇಷ್ಟದ ಆಟಿಕೆ ಇಲ್ಲ, ದಾರದಷ್ಟು ಅಪಾಯವೂ ಇಲ್ಲ. ಅದರ ನಾಲಿಗೆಯ ಮುಳ್ಳು ಒಳಮುಖ, ಒಮ್ಮೆ ಸಿಕ್ಕಿದ್ದನ್ನು ಉಗುಳುವುದು ಕಷ್ಟ, ನುಂಗುತ್ತಾ ಹೋಗುತ್ತದೆ. ಮುಡಿಯಿಂದ ತೆಗೆದಿಟ್ಟ ಮಲ್ಲಿಗೆ ದಂಡೆಯ ಬಾಡಿದ ದಾರ, ಹೊಲಿಗೆ ಡಬ್ಬಿ, ಇವನ್ನು ಮುಚ್ಚಿಡಿ. ದಾರದ ತುದಿ ಬಾಯಿಂದಲೋ ಹಿಂದಿನಿಂದಲೋ ನೇತಾಡುತ್ತಿದ್ದರೆ ಎಳೆಯಬೇಡಿ, ಕರುಳು ಕೊಯ್ದುಕೊಳ್ಳುತ್ತದೆ. ಹಾಗೇ ಡಾಕ್ಟರ ಹತ್ತಿರ ಓಡಿ. ಸಿಹಿ ತಿಂಡಿ ಕೊಡುವುದಂತೂ ದಂಡ, ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ. ಬೆಕ್ಕು ಮೂಸಿ ಮರುಳಾಗಲಿ ಅಂತ ಮಾರುವ ದುಬಾರಿ ಕ್ಯಾಟ್‌ನಿಪ್ ಸೊಪ್ಪಿನ ಬದಲು ಖಾಲಿ ಸೈಟಿನಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರು ತಂದು ಮುಂದಿಡಿ, ಎಷ್ಟೋ ಬೆಕ್ಕುಗಳು ಅದನ್ನು ಮೂಸಿ ಉರುಳಾಡುತ್ತವೆ.

ಮೊಲಕ್ಕೆ ಕ್ಯಾರೆಟ್ ದಿನಾ ಹಾಕಬೇಡಿ, ಅದು ಅದರ ಪಾಲಿಗೆ ಮಿಠಾಯಿ. ಒಣಹುಲ್ಲು ಯಾವಾಗಲೂ ಇರಲಿ. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದೇ ಸವೆಯಬೇಕು. ಆಟಕ್ಕೆ ಒಂದು ರಟ್ಟಿನ ಡಬ್ಬ ಸಾಕು. ಗಿಳಿಗೆ ಯಾವ ಆಟಿಕೆ ಒಳ್ಳೆಯದು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ನಮ್ಮ ನಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದೇ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಲವ್ ಬರ್ಡ್ಸ್ ಇಟ್ಟವರು ಬೆಣ್ಣೆಹಣ್ಣು ಮಾತ್ರ ಹತ್ತಿರ ತರಬೇಡಿ, ಹಕ್ಕಿಗಳಿಗೆ ಅದು ವಿಷ.

ಕೊನೆಗೆ ಬೀದಿ ನಾಯಿಗಳ ವಿಷಯ. ಬೆಳಿಗ್ಗೆ ಪಾರ್ಕಿನ ಹತ್ತಿರ ಬಿಸ್ಕತ್ತು ಪೊಟ್ಟಣ ಒಡೆದು ಹಾಕುವವರ ಮನಸ್ಸು ಒಳ್ಳೆಯದೇ, ನಾನು ಅವರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಆದರೆ ಬರೀ ಮೈದಾ, ಸಕ್ಕರೆ, ಎಣ್ಣೆ ಹಾಕಿ ಅದನ್ನೇ ಊಟ ಅಂತ ಅಂದುಕೊಂಡರೆ ಹೇಗೆ? ಹತ್ತು ರೂಪಾಯಿ ಬಿಸ್ಕತ್ತಿನ ದುಡ್ಡಿಗೆ ನಮ್ಮ ಬೀದಿಯ ಅಂಗಡಿಯಲ್ಲಿ ಒಂದು ಮೊಟ್ಟೆ ಬಂದು ಚಿಲ್ಲರೆಯೂ ಉಳಿಯುತ್ತದೆ. ರಾತ್ರಿಯೇ ಬೇಯಿಸಿಟ್ಟುಕೊಳ್ಳಿ. ಬೆಳಿಗ್ಗೆ ಸಿಪ್ಪೆ ಬಿಡಿಸಿ, ಪೇಪರ್ ಮೇಲೆ ಹಿಚುಕಿ ಹಾಕಿ, ತಿಂದಾದ ಮೇಲೆ ಆ ಪೇಪರನ್ನು ಎತ್ತಿಕೊಂಡು ಹೋಗಿ.