ದರ್ಶಿನಿ ಬಾಡಿಗೆಯ 18 ಪರ್ಸೆಂಟ್

ಹೋಟೆಲ್‌ಗಳು ಉಳೀಬೇಕಾದ್ರೆ ಜಿಎಸ್‌ಟಿ ಇಳಿಸಿ ಅನ್ನೋ ಬೇಡಿಕೆ ಬೆಂಗಳೂರಿನಲ್ಲಿ ಆಗಾಗ ಏಳುತ್ತೆ. ನಾಲ್ಕೈದು ದರ್ಶಿನಿಗಳ ಲೆಕ್ಕ ಬರೆಯೋನು ನಾನು. ಬೇಡಿಕೆ ನ್ಯಾಯವಾದದ್ದೇ, ಆದ್ರೆ ಕೇಳೋರು ಕೇಳಬೇಕಾದ್ದನ್ನ ಬಿಟ್ಟು ಬೇರೇನೋ ಕೇಳ್ತಿದ್ದಾರೆ ಅನ್ನೋದು ನನ್ನ ತಕರಾರು.

ದರ್ಶಿನಿ ಬೋರ್ಡಿನಲ್ಲಿ ಕಾಫಿ 15 ರೂಪಾಯಿ ಅಂತಿದ್ರೆ ಸಾಮಾನ್ಯವಾಗಿ ತೆರಿಗೆನೂ ಅದರೊಳಗೇ. 5 ಪರ್ಸೆಂಟ್ ಲೆಕ್ಕದಲ್ಲಿ ಅದು 71 ಪೈಸೆ. ನಾಳೆ ಅದನ್ನ ತೆಗೆದುಹಾಕಿದ್ರೂ 14 ರೂಪಾಯಿ 29 ಪೈಸೆ ಅಂತ ಯಾರೂ ಬೋರ್ಡ್ ಬರೆಸಲ್ಲ. ಗಿರಾಕಿಗೆ ಗೊತ್ತೂ ಆಗಲ್ಲ. ಮಾಲೀಕನಿಗೆ ಲಾಭ, ಒಪ್ಪೋಣ. ಆದ್ರೆ ಊಟ-ತಿಂಡಿಗೆ 5ರ ಕೆಳಗಿನ ಮೆಟ್ಟಿಲು ಅಂದ್ರೆ ಸೊನ್ನೆಯೇ (ಮಧ್ಯದ 3 ಪರ್ಸೆಂಟ್ ಇಟ್ಟಿರೋದು ಚಿನ್ನಕ್ಕೆ!). ಸೊನ್ನೆ ಮಾಡಿ ಅಂದ್ರೆ ಯಾವ ರಾಜ್ಯದ ಮಂತ್ರಿ ತಲೆ ಆಡಿಸ್ತಾರೆ?

ನಿಜವಾದ ಹೊಡೆತ ಬೀಳ್ತಿರೋದು ಹೋಟೆಲ್ ಕೊಳ್ಳೋ ಕಡೆ. ಒಂದು ದರ್ಶಿನಿಯ ವ್ಯಾಪಾರ ತಿಂಗಳಿಗೆ 12 ಲಕ್ಷ ಅಂತ ಇಟ್ಕೊಳ್ಳಿ. ಅದರಲ್ಲಿ ಸರ್ಕಾರಕ್ಕೆ ಹೋಗೋ ಜಿಎಸ್‌ಟಿ ಸುಮಾರು 57 ಸಾವಿರ. ಬಾಡಿಗೆ 2 ಲಕ್ಷ ಆದ್ರೆ ಅದರ ಮೇಲೆ 18 ಪರ್ಸೆಂಟ್, 36 ಸಾವಿರ. ಕಮರ್ಷಿಯಲ್ ಸಿಲಿಂಡರ್‌ಗೂ 18. 50 ಸಾವಿರದ ಗ್ಯಾಸಿಗೆ 9 ಸಾವಿರ. ಮನೆ ಸಿಲಿಂಡರ್‌ಗೆ 5, ಹೋಟೆಲ್ ಸಿಲಿಂಡರ್‌ಗೆ 18, ಉರಿಯೋದು ಅದೇ ಗ್ಯಾಸ್. ಇಷ್ಟಕ್ಕೇ 45 ಸಾವಿರ ಆಯ್ತು. ಡೆಲಿವರಿ ಆ್ಯಪ್‌ನ ಕಮಿಷನ್ ಮೇಲಿನ 18 ಬೇರೆ. ಬೇರೆ ವ್ಯಾಪಾರದವರು ಹೀಗೆ ಕಟ್ಟಿದ್ದನ್ನ ತಮ್ಮ ತೆರಿಗೆಯಲ್ಲಿ ಮುರ್ಕೋತಾರೆ. ಅದೇ ಇನ್‌ಪುಟ್ ಕ್ರೆಡಿಟ್. 5 ಪರ್ಸೆಂಟ್ ಹೋಟೆಲ್‌ಗೆ ಅದಿಲ್ಲ. ಇದ್ದಿದ್ರೆ 57 ಸಾವಿರದ ಬದಲು 12 ಸಾವಿರ ಕಟ್ಟಿದ್ರೆ ಸಾಕಿತ್ತು.

ಮೊದಲು ಕಟ್ಟಡದ ಓನರ್‌ಗೆ ಜಿಎಸ್‌ಟಿ ನಂಬರ್ ಇಲ್ಲ ಅಂದ್ರೆ ಬಾಡಿಗೆ ತೆರಿಗೆ ತಪ್ತಿತ್ತು. 2024ರ ಅಕ್ಟೋಬರ್ 10ರಿಂದ ಅದನ್ನ ಬಾಡಿಗೆದಾರನೇ ಕಟ್ಟಬೇಕು. ಕಾಂಪೊಸಿಷನ್‌ನಲ್ಲಿರೋರಿಗೆ (ಸಣ್ಣ ವ್ಯಾಪಾರಿಗಳಿಗಿರೋ ಸರಳ ತೆರಿಗೆ ಸ್ಕೀಮ್) ಮಾತ್ರ ಆಮೇಲೆ ವಿನಾಯಿತಿ ಸಿಕ್ತು. 2025ರ ಸೆಪ್ಟೆಂಬರ್‌ನಲ್ಲಿ ಬೆಣ್ಣೆ, ತುಪ್ಪ 12ರಿಂದ 5ಕ್ಕೆ ಇಳಿದದ್ದು ಬೆಣ್ಣೆ ದೋಸೆ ಹಾಕೋರಿಗೆ ಸ್ವಲ್ಪ ಸಮಾಧಾನ. ಗ್ಯಾಸು, ಬಾಡಿಗೆ ಮಾತ್ರ ಇದ್ದಲ್ಲೇ ಇವೆ.

ಈ ಕ್ರೆಡಿಟ್ ಹೋಗಿದ್ದು ಯಾಕೆ ಅನ್ನೋದನ್ನ ಹೋಟೆಲ್‌ನವರು ಹೇಳಲ್ಲ, ನಾನೇ ಹೇಳ್ತೀನಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟೆಲ್‌ಗೆ 12, ಎಸಿಗೆ 18, ಕ್ರೆಡಿಟ್ಟೂ ಇತ್ತು. ಆ ಲಾಭವನ್ನ ಗಿರಾಕಿಗೆ ದಾಟಿಸ್ತಿಲ್ಲ ಅಂತ ಹೇಳಿ ಅದೇ ನವೆಂಬರ್ 15ರಿಂದ ಬಹುತೇಕ ಎಲ್ಲರಿಗೂ 5 ಮಾಡಿ ಕ್ರೆಡಿಟ್ ಕಿತ್ತುಕೊಂಡ್ರು. ತೆರಿಗೆ ಇಳಿದ ವಾರವೇ ಮೆನು ದರ ಏರಿಸಿದವರೂ ಇದ್ರು. ಬಿಲ್ ನೋಡಿದ ಗಿರಾಕಿ ಅದನ್ನ ಮರೆತಿಲ್ಲ. ಹಾಗಾಗಿ "ಕಷ್ಟ, ಕಷ್ಟ" ಅಂದ್ರೆ ಕಾಮೆಂಟ್‌ನಲ್ಲಿ ಬೈಗುಳ ಬೀಳೋದು ಸಹಜ.

ಇನ್ನು ವಿಧಾನಸೌಧಕ್ಕೆ ಮನವಿ ಕೊಟ್ಟು ಫೋಟೋ ತೆಗೆಸ್ಕೊಂಡ್ರೆ ಕೆಲಸ ಆಗಲ್ಲ. ದರ ತೀರ್ಮಾನಿಸೋದು ಕೇಂದ್ರ, ರಾಜ್ಯಗಳ ಮಂತ್ರಿಗಳಿರೋ ಜಿಎಸ್‌ಟಿ ಕೌನ್ಸಿಲ್. ಅಲ್ಲಿ ಮತ ಹಾಕಿದ್ರೆ ಕೇಂದ್ರದ್ದು ಮೂರರಲ್ಲೊಂದು ಪಾಲು, ಉಳಿದದ್ದು ರಾಜ್ಯಗಳದ್ದು. ಪಾಸಾಗೋಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕರ್ನಾಟಕದ ಪರವಾಗಿ ಅಲ್ಲಿ ಮಾತಾಡ್ತಾ ಬಂದಿರೋ ಕೃಷ್ಣ ಬೈರೇಗೌಡರಿಗೆ ಲೆಕ್ಕ ಚೆನ್ನಾಗಿ ಅರ್ಥ ಆಗುತ್ತೆ. ಅಂಥವರ ಮುಂದೆ ಗೋಳು ಬೇಡ, ಒಂದು ವರ್ಷದ ಲೆಕ್ಕ ಇಡಿ.

2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ಹಿಡಿದು ಬೇಕರಿ, ಟೀ ಅಂಗಡಿಗಳಿಗೆ ನೋಟಿಸ್ ಬಂದಾಗ ರಾತ್ರೋರಾತ್ರಿ ಕ್ಯೂಆರ್ ಕೋಡ್ ಮಾಯವಾಗಿ "ಕ್ಯಾಶ್ ಮಾತ್ರ" ಚೀಟಿ ಅಂಟಿಸಿದ್ರು. ಕ್ರೆಡಿಟ್ ಬೇಕು ಅಂದ್ರೆ ಆ ಚೀಟಿ ನಡೆಯಲ್ಲ. ಪೂರ್ತಿ ವ್ಯಾಪಾರ ಪುಸ್ತಕದಲ್ಲಿ ಕಾಣಿಸಬೇಕು, ಪ್ರತಿ ಖರೀದಿಗೂ ಬಿಲ್ ಇರಬೇಕು. ನನ್ನ ಗಿರಾಕಿಗಳಲ್ಲೇ ಇಬ್ಬರು ಇದನ್ನ ಕೇಳಿ "ಹಂಗಾದ್ರೆ ಬೇಡ ಬಿಡಿ ಸಾರ್" ಅಂದಿದ್ದಾರೆ. ಅಂಥವರು ಕ್ರೆಡಿಟ್ ಇಲ್ಲದ 5ರಲ್ಲೇ ಇರಲಿ. ಲೆಕ್ಕ ಸರಿಯಾಗಿ ಇಟ್ಟವರಿಗೆ ಕ್ರೆಡಿಟ್ ಆರಿಸ್ಕೊಳ್ಳೋ ಅವಕಾಶ ಕೊಡಿ ಅಂತ ಕೇಳಿದ್ರೆ, ಆ ಮನವಿಗೆ ಮೊದಲ ಸಹಿ ನನ್ನದು.