ಸತ್ಯಾಂಶ: ಭಾರತದ ವನಿತೆಯರು ಗೆದ್ದದ್ದು ಏಷ್ಯಾ ಕಪ್ ಕಂಚು, ವಿಶ್ವಕಪ್ ಅಲ್ಲ

‘ಐಸ್ ಹಾಕಿ ವಿಶ್ವಕಪ್‌ನಲ್ಲಿ ಭಾರತದ ಹೆಣ್ಣುಮಕ್ಕಳಿಗೆ ಕಂಚು, ಯಾವ ಟಿವಿಯೂ ತೋರಿಸಲಿಲ್ಲ’ ಎಂಬ ಸಂದೇಶ ತುಮಕೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಓಡಾಡುತ್ತಿದೆ. ಇದರಲ್ಲಿ ಅರ್ಧ ನಿಜ.

ಕಂಚು ಬಂದದ್ದು ನಿಜ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ. ತಂಡದ ಹೆಚ್ಚಿನವರು ಲಡಾಖ್‌ನವರು. ಪ್ರತಿ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿರುವ ಕೆಲವೇ ವಾರಗಳಲ್ಲಿ ಆಟ ಕಲಿತವರು. ಈ ಪದಕಕ್ಕೆ ಸುಳ್ಳಿನ ಮೆರುಗು ಬೇಕಿಲ್ಲ.

ಸಂದೇಶ ‘ವಿಶ್ವಕಪ್’ ಎನ್ನುವ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ಬೇರೆಯೇ ಪಂದ್ಯಾವಳಿ. ಮೊದಲನೆಯದು 1990ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆಯಿತು. ಈಗ ಅಗ್ರ ವಿಭಾಗದಲ್ಲಿ 10 ತಂಡಗಳಿವೆ. ಉಳಿದ ದೇಶಗಳು ಕೆಳಗಿನ ಡಿವಿಷನ್‌ಗಳಲ್ಲಿ ಆಡಿ, ಗೆದ್ದು ಮೇಲೇರಬೇಕು. 2025ರವರೆಗಿನ ಎಲ್ಲ ಚಿನ್ನವೂ ಕೆನಡಾ ಅಥವಾ ಅಮೆರಿಕದ ಪಾಲು. 2019ರಲ್ಲಿ ಫಿನ್ಲೆಂಡ್ ಫೈನಲ್ ಮುಟ್ಟಿ, ಶೂಟೌಟ್‌ನಲ್ಲಿ ಸೋತಿತು. 2025ರ ಏಪ್ರಿಲ್‌ನಲ್ಲಿ ಜೆಕ್ ದೇಶದಲ್ಲಿ ನಡೆದ ಚಾಂಪಿಯನ್‌ಶಿಪ್‌ನ ಕಂಚೂ ಫಿನ್ಲೆಂಡ್‌ಗೇ ಹೋಯಿತು. ಸಂದೇಶ ತಪ್ಪುವುದು ಇಲ್ಲೇ: ‘ಅಂತರರಾಷ್ಟ್ರೀಯ’ ಎಂದು ಕಂಡದ್ದೆಲ್ಲ ‘ವಿಶ್ವ’ ಆಗಿಬಿಡುತ್ತದೆ.

ಮುಂದೆ ಇಂಥದ್ದು ಬಂದರೆ ಪಂದ್ಯಾವಳಿಯ ಪೂರ್ತಿ ಹೆಸರು, ಊರು, ತಿಂಗಳು ಮೂರನ್ನೂ ಹುಡುಕಿ. ಫೋಟೋವನ್ನೂ ಹಿಗ್ಗಿಸಿ ನೋಡಿ. ನಮ್ಮ ಮೈದಾನದ ಹಾಕಿಯಲ್ಲಿ ಇರುವುದು ಚೆಂಡು. ಐಸ್ ಹಾಕಿಯಲ್ಲಿ ಪಕ್, ಅಂದರೆ 7.62 ಸೆಂ.ಮೀ ಅಗಲ, 2.54 ಸೆಂ.ಮೀ ದಪ್ಪದ ಕಪ್ಪು ರಬ್ಬರ್ ಬಿಲ್ಲೆ. ಮಹಿಳೆಯರ ಪಂದ್ಯದಲ್ಲಿ ಹೆಲ್ಮೆಟ್‌ಗೆ ಪೂರ್ತಿ ಮುಖ ಮುಚ್ಚುವ ಜಾಲರಿ ಅಥವಾ ಪಾರದರ್ಶಕ ಕವಚ ಕಡ್ಡಾಯ. ಬರಿಮುಖದಲ್ಲಿ ಆಡುತ್ತಿರುವ ಚಿತ್ರವಿದ್ದರೆ ಅದು ಬೇರೆಲ್ಲಿಂದಲೋ ತಂದು ಅಂಟಿಸಿದ್ದಿರಬಹುದು.