ಒಣ ಬಟ್ಟೆ ಹಿಡಿದ ಕೈ

ಕೆಲವು ತಿಂಗಳ ಹಿಂದೆ ಒಂದು ಬೆಳಗ್ಗೆ ಪಕ್ಕದ ಮನೆಯ ಹಿರಿಯರು ಓಡಿ ಬಂದು ನನ್ನ ಕೈ ಹಿಡಿದು ನಿಲ್ಲಿಸಿದರು. ನಾನು ಮಾಡುತ್ತಿದ್ದದ್ದು ದೊಡ್ಡ ತಪ್ಪೇನಲ್ಲ. ಆಫೀಸಿಗೆ ಹೊರಡುವ ಮುಂಚೆ ಹಿಂದಿನ ಸೀಟಿನಲ್ಲಿದ್ದ ಬಟ್ಟೆ ತೆಗೆದು ಬಾನೆಟ್ ಮೇಲಿನ ಧೂಳು ಒರೆಸುತ್ತಿದ್ದೆ. ಊರಲ್ಲಿ ಅಪ್ಪ ದಿನಾ ಮಾಡುತ್ತಿದ್ದದ್ದು ಅದೇ. ಕಾರು ತೆಗೆಯುವ ಮುಂಚೆ ಒಂದು ಸಲ ಬಟ್ಟೆ ಆಡಿಸದಿದ್ದರೆ ಅಪ್ಪನಿಗೆ ಸಮಾಧಾನವಿಲ್ಲ. ನನಗೂ ಇಲ್ಲ.

ಅವರು ಏನೂ ಹೇಳದೆ ಮೊಬೈಲಿನ ಟಾರ್ಚ್ ಹಾಕಿ ಬಾನೆಟ್ ಮೇಲೆ ಹಿಡಿದರು. ನನ್ನದು ಕಪ್ಪು ಕಾರು. ಬೆಳಕಿನ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಸಣ್ಣ ಸಣ್ಣ ಗೀರು, ನೂರಾರು. ಟಾರ್ಚ್ ಸರಿಸಿದ ಕಡೆಗೆಲ್ಲ ಬಲೆಯೂ ಸರಿಯಿತು. "ಇದು ರಸ್ತೆಯಲ್ಲಿ ಆದ ಗೀರಲ್ಲ. ನೀವೇ ಹಾಕಿದ್ದು, ದಿನಕ್ಕೆ ಒಂದಿಷ್ಟರಂತೆ" ಅಂದರು.

ಆ ಮಾತು ಚುಚ್ಚಿತು. ಕಾರನ್ನು ನಾನು ಅಷ್ಟು ಜೋಪಾನವಾಗಿ ನೋಡಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಕಾರು ಹಾಳಾಗಿದ್ದು ಆ ಜೋಪಾನದಿಂದಲೇ.

ಆವತ್ತು ರಾತ್ರಿ ಕೂತು ಇದನ್ನೆಲ್ಲ ಓದಿದೆ. ಕಾರಿನ ಬಣ್ಣ ಅಂತ ನಾವು ಮುಟ್ಟುವುದು ನಿಜವಾಗಿ ಬಣ್ಣವೇ ಅಲ್ಲ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಗಾಜಿನಂಥ ಪದರ ಇರುತ್ತದೆ. ಹೊಳಪು ಬರುವುದು ಅದರಿಂದ. ಸಾಮಾನ್ಯವಾಗಿ ಅದರ ದಪ್ಪ 40ರಿಂದ 50 ಮೈಕ್ರಾನ್. ನಮ್ಮ ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಇಡೀ ಕಾರಿನ ಅಂದ ನಿಂತಿರುವುದು ಕೂದಲಿಗಿಂತ ತೆಳುವಾದ ಪದರದ ಮೇಲೆ. ರಸ್ತೆಯ ಧೂಳಿನಲ್ಲಿ ಇರುವುದಾದರೂ ಏನು? ಅದರಲ್ಲಿ ಸಣ್ಣ ಮರಳಿನ ಕಣ ಬೇಕಾದಷ್ಟು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಆ ಮರಳಿಗೆ 10ಕ್ಕೆ 7 ಅಂಕ. ಗಾಜನ್ನೇ ಗೀರುವಷ್ಟು ಗಟ್ಟಿ. ಅದರ ಮೇಲೆ ಬಟ್ಟೆ ಇಟ್ಟು ಒತ್ತಿ ಎಳೆದರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೇ ಅಲ್ವಾ? ಬಟ್ಟೆ ಎಷ್ಟು ಮೆತ್ತಗಿದ್ದರೂ ಅಷ್ಟೇ. ಗೀರು ಹಾಕುವುದು ಬಟ್ಟೆಯಲ್ಲ, ಬಟ್ಟೆಗೂ ಕಾರಿಗೂ ನಡುವೆ ಸಿಕ್ಕಿಕೊಂಡ ಕಣ.

ಊರಿನ ಕಡೆ ನಮಗೆ ಕಾರು ತೊಳೆಯುವುದು ಅಂದರೆ ಉಜ್ಜುವುದು. ಜೋರಾಗಿ ಉಜ್ಜಿದಷ್ಟೂ ಚೊಕ್ಕ. ಒಂದು ಬಕೆಟ್, ಹಳೇ ಬನಿಯನ್, ಒಂದು ಚಿಟಿಕೆ ಸೋಪಿನ ಪುಡಿ. ಮೊದಲು ಟಾಪು, ಆಮೇಲೆ ಬಾಗಿಲು, ಕೊನೆಗೆ ಅದೇ ಬಟ್ಟೆಯಲ್ಲಿ ಚಕ್ರ. ಕೆಲವು ಸಲ ಚಕ್ರ ಆದ ಮೇಲೆ "ಇಲ್ಲೊಂಚೂರು ಉಳೀತು" ಅಂತ ಅದೇ ಬಟ್ಟೆ ಮತ್ತೆ ಬಾನೆಟ್‌ಗೆ. ಬಕೆಟ್ಟಿನ ನೀರು ಕೆಸರಾದರೂ ಬದಲಿಸುವುದಿಲ್ಲ. ಕಾರಿನಿಂದ ತೆಗೆದ ಮರಳನ್ನು ನೀರಲ್ಲಿ ಅದ್ದಿ, ಬಟ್ಟೆಗೆ ಹತ್ತಿಸಿ, ಮತ್ತೆ ಕಾರಿಗೇ ಉಜ್ಜುತ್ತೇವೆ. ಇದನ್ನು ಯಾರೂ ಯೋಚಿಸಲಿಲ್ಲವಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ.

ಮುಂದಿನ ಭಾನುವಾರ ಪಕ್ಕದ ಮನೆಯವರು ತಮ್ಮ ಕಾರು ತೊಳೆಯುವಾಗ ನನ್ನನ್ನೂ ಕರೆದರು. ಮೊದಲ ಹತ್ತು ನಿಮಿಷ ಅವರು ಕಾರಿನ ಬಣ್ಣವನ್ನು ಉಜ್ಜಲೇ ಇಲ್ಲ. ನೆರಳಿಗೆ ತಂದು ನಿಲ್ಲಿಸಿದರು. ಬಾನೆಟ್ ಮೇಲೆ ಅಂಗೈ ಇಟ್ಟು ಬಿಸಿ ಇದೆಯಾ ನೋಡಿದರು. ಬಿಸಿ ಇದ್ದರೆ ಸೋಪು ಅಲ್ಲಲ್ಲೇ ಒಣಗಿ ಕಲೆ ಕಟ್ಟುತ್ತದಂತೆ. ಬೇರೆ ಬಕೆಟ್, ಬೇರೆ ಬ್ರಷ್ ಹಿಡಿದು ಚಕ್ರ ಮುಗಿಸಿದರು. ಆಮೇಲೆ ಪೈಪಿನಿಂದ ಮೇಲಿಂದ ಕೆಳಕ್ಕೆ ಬರೀ ನೀರು ಬಿಟ್ಟರು. ಹಕ್ಕಿ ಹಿಕ್ಕೆ ಒಣಗಿ ಅಂಟಿದ್ದ ಕಡೆ ಒದ್ದೆ ಬಟ್ಟೆ ಹಾಸಿ ನೆನೆಯಲು ಬಿಟ್ಟರು. ನಾನಾಗಿದ್ದರೆ ಉಗುರಲ್ಲಿ ಕೆರೆದು ಮುಗಿಸುತ್ತಿದ್ದೆ.

ಆಮೇಲೆ ಎರಡು ಬಕೆಟ್ ಬಂತು. ಒಂದರಲ್ಲಿ ಕಾರಿನ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಎಳೆ ಎಳೆಯಾಗಿ ಉದ್ದ ಕೂದಲಿರುವ ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲು ಒರೆಸುವುದು. ಬರೀ ನೀರಿನ ಬಕೆಟ್ಟಿನಲ್ಲಿ ಅದನ್ನು ಚೆನ್ನಾಗಿ ಜಾಲಿಸುವುದು. ಮತ್ತೆ ಶಾಂಪೂ, ಮುಂದಿನ ಬಾಗಿಲು. ಜಾಲಿಸುವ ಬಕೆಟ್ಟಿನ ತಳದಲ್ಲಿ ಪ್ಲಾಸ್ಟಿಕ್ ಜಾಲರಿ ಇತ್ತು. ಮರಳು ಅದರ ಕೆಳಗೆ ಇಳಿದರೆ ಮತ್ತೆ ಕೈಗವಸಿಗೆ ಹತ್ತುವುದಿಲ್ಲ. ಒತ್ತಡವೇ ಇಲ್ಲ, ಕೈಯ ಭಾರ ಮಾತ್ರ. ಸುತ್ತಿ ಸುತ್ತಿ ಅಲ್ಲ, ನೇರವಾಗಿ ಎಳೆಯುವುದು. ಅಕಸ್ಮಾತ್ ಗೀರು ಬಿದ್ದರೂ ನೇರ ಗೀರು ಒಂದು ಕೋನದಿಂದ ಮಾತ್ರ ಕಾಣುತ್ತದೆ. ಸುತ್ತು ಗೀರು ಎಲ್ಲಿ ನಿಂತು ನೋಡಿದರೂ ಕಣ್ಣಿಗೆ ಹೊಡೆಯುತ್ತದೆ. ಬಾಗಿಲಿನ ಕೆಳಭಾಗವನ್ನು ಕೊನೆಗೆ ಇಟ್ಟುಕೊಂಡರು, ಕೊಳೆ ಜಾಸ್ತಿ ಇರುವುದೇ ಅಲ್ಲಿ. ಪಾತ್ರೆ ತೊಳೆಯುವ ಸೋಪು ಯಾಕೆ ಬೇಡ ಅಂತ ಕೇಳಿದೆ. ಜಿಡ್ಡು ತೆಗೆಯುವುದೇ ಅದರ ಕೆಲಸ, ಬಣ್ಣ ಕಾಯಲು ಮೇಲೆ ಹಚ್ಚಿದ ವ್ಯಾಕ್ಸನ್ನೂ ತೆಗೆದುಬಿಡುತ್ತದೆ ಅಂದರು. ಕಾರಿನ ಶಾಂಪೂವಿಗೆ ಜಾರುವ ಗುಣ ಜಾಸ್ತಿ. ಉಳಿದ ಕಣ ಗೀರದೆ ಜಾರಿಹೋಗಲಿ ಅಂತ.

ಅರ್ಧ ಗೀರು ಬೀಳುವುದು ತೊಳೆದ ಮೇಲೆ, ಒಣಗಿಸುವಾಗ ಅಂತ ನನಗೆ ಈಗ ಅನ್ನಿಸುತ್ತದೆ. ಕಾರು ತೊಳೆದಾಯಿತು ಅಂತ ಮನಸ್ಸು ಸಡಿಲವಾಗಿರುತ್ತದೆ, ಕೈ ಆತುರಪಡುತ್ತದೆ. ಚರ್ಮದಂಥ ನುಣುಪಾದ ಹಳದಿ ಬಟ್ಟೆ ಇರುತ್ತದಲ್ಲ, ನಾನು ವರ್ಷಗಟ್ಟಲೆ ಅದನ್ನೇ ಬಳಸಿದೆ. ನೀರು ಚೆನ್ನಾಗಿ ಹೀರುತ್ತದೆ. ಆದರೆ ಅದಕ್ಕೆ ಎಳೆಗಳಿಲ್ಲ. ಒಂದು ಕಣ ಉಳಿದಿದ್ದರೆ ಅದು ಒಳಗೆ ಸೇರಿಕೊಳ್ಳಲು ಜಾಗವಿಲ್ಲದೆ ಬಣ್ಣದ ಮೇಲೇ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ದಪ್ಪ ಮೈಕ್ರೋಫೈಬರ್ ಟವೆಲಿನಲ್ಲಿ ಕಣ ಎಳೆಗಳ ಒಳಗೆ ಹೋಗಿ ಕೂರುತ್ತದೆ. ಅದನ್ನೂ ಉಜ್ಜಬೇಕಿಲ್ಲ. ಅಗಲವಾಗಿ ಹಾಸಿ, ಮೇಲೆ ಮೆಲ್ಲಗೆ ತಟ್ಟಿ ಎತ್ತಿದರೆ ಸಾಕು. ಹಾಗಂತ ನೀರು ತಾನಾಗಿ ಆರಲಿ ಅಂತ ಬಿಡುವ ಹಾಗೂ ಇಲ್ಲ. ಗಡಸು ನೀರಾದರೆ ಸುಣ್ಣದಂಥ ಬಿಳಿ ಕಲೆ ಉಳಿಯುತ್ತದೆ. ಅದನ್ನು ತೆಗೆಯಲು ಮತ್ತೆ ಉಜ್ಜಬೇಕು.

ಟವೆಲ್ ನೆಲಕ್ಕೆ ಬಿತ್ತು ಅಂದರೆ ಆವತ್ತಿಗೆ ಅದರ ಕೆಲಸ ಮುಗಿಯಿತು. ಕೊಡವಿ ಮತ್ತೆ ಬಳಸಬಾರದು. ಇದೊಂದು ಅಭ್ಯಾಸ ನನಗೆ ಬರಲು ತಿಂಗಳು ಹಿಡಿಯಿತು. ಒಗೆಯುವಾಗ ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ದ್ರವವನ್ನೂ ಹಾಕಬಾರದು, ಅದು ಎಳೆಗಳಿಗೆ ಮೆತ್ತಿಕೊಂಡು ನೀರು ಹೀರುವುದು ನಿಂತುಬಿಡುತ್ತದೆ.

ಇಷ್ಟೆಲ್ಲ ಕಲಿತು ಊರಿಗೆ ಹೋದೆ. ಬೆಳಗ್ಗೆ ಎದ್ದರೆ ಅಪ್ಪ ಆಗಲೇ ಒಣ ಬಟ್ಟೆ ಹಿಡಿದು ಬಾನೆಟ್ ಒರೆಸುತ್ತಿದ್ದಾರೆ. "ಅಪ್ಪಾ, ಒಣ ಬಟ್ಟೇಲಿ ಒರೆಸ್ಬೇಡಿ" ಅಂದೆ. "ಮತ್ತೆ ಧೂಳಲ್ಲೇ ಓಡಿಸ್ಲಾ?" ಅಂದರು. ಧೂಳಿದ್ದರೂ ಪರವಾಗಿಲ್ಲ, ಒರೆಸುವುದಕ್ಕಿಂತ ಅದೇ ವಾಸಿ ಅಂದೆ. ಅಪ್ಪ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಧೂಳು ಹಿಡಿದ ಕಾರನ್ನು ಬಾಗಿಲ ಮುಂದೆ ನಿಲ್ಲಿಸು ಅಂತ ಮಗ ಹೇಳುತ್ತಿದ್ದಾನೆ! ಟಾರ್ಚ್ ಹಿಡಿದು ತೋರಿಸಿದೆ. ಅಪ್ಪನ ಕಾರು ಬೆಳ್ಳಗಿದೆ, ಬಿಳಿ ಬಣ್ಣದಲ್ಲಿ ಗೀರು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ನನ್ನ ವಾದ ಅಲ್ಲೇ ಅರ್ಧ ಬಿದ್ದುಹೋಯಿತು. ಪಾಲಿಶ್ ಮಾಡಿಸಿದರೆ ಹೋಗುತ್ತದೆ ಬಿಡು ಅಂದರು. ಪಾಲಿಶ್ ಮಾಡುವುದು ಅಂದರೆ ಆ ತೆಳು ಪದರವನ್ನೇ ಇನ್ನಷ್ಟು ತೇಯುವುದು, ಎಷ್ಟು ಸಲ ತೇಯೋಕಾಗುತ್ತೆ ಅಂದೆ. ಉತ್ತರ ಬರಲಿಲ್ಲ. ಮಾತು ಬೆಳೆಯಿತು, ಅಮ್ಮ ಬಂದು ಬಿಡಿಸಿದರು.

ಆದರೆ ಆ ಭಾನುವಾರ ಅಪ್ಪ ಕಾರು ತೊಳೆದದ್ದನ್ನು ಸುಮ್ನೆ ನಿಂತು ನೋಡಿದೆ. ಎಲ್ಲ ಮುಗಿದ ಮೇಲೆ ಒಂದು ಮಗ್ಗಿನಲ್ಲಿ ಹೊಸ ನೀರು ತೆಗೆದುಕೊಂಡು, ಟಾಪಿನ ಅಂಚಿಗೆ ತಾಗುವಷ್ಟು ಹತ್ತಿರ ಹಿಡಿದು, ನಿಧಾನಕ್ಕೆ ಸುರಿದರು. ನೀರು ಹಾಳೆಯ ಹಾಗೆ ಒಟ್ಟಾಗಿ ಇಳಿಯಿತು. ಬಿಡಿ ಹನಿಗಳನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒರೆಸಲು ಹೆಚ್ಚೇನೂ ಉಳಿಯಲಿಲ್ಲ. ಪಕ್ಕದ ಮನೆಯವರು ಪೈಪಿನ ತುದಿ ಬಿಚ್ಚಿ, ಜೋರಿಲ್ಲದೆ ನೀರು ಬಿಟ್ಟು ಮಾಡುವುದು ಇದನ್ನೇ. ಅಪ್ಪನಿಗೆ ಇದನ್ನು ಯಾರೂ ಕಲಿಸಿಲ್ಲ. ಸಣ್ಣವನಿದ್ದಾಗ ಆ ಮಗ್ಗು ಹಿಡಿದುಕೊಡುತ್ತಿದ್ದವನು ನಾನೇ, ಆದರೆ ಒಂದು ದಿನವೂ ಅದನ್ನು ಸರಿಯಾಗಿ ನೋಡಿರಲಿಲ್ಲ.

ಇನ್ನೊಂದನ್ನೂ ಒಪ್ಪಲೇಬೇಕು. ನಾನಿರುವ ಕಡೆ ಎಲ್ಲರೂ ಪಕ್ಕದ ಮನೆಯವರ ಹಾಗಿಲ್ಲ. ಹೆಚ್ಚಿನವರು ಬ್ರಷ್ಷು ತಿರುಗುವ ಯಂತ್ರದೊಳಗೆ ಕಾರು ನುಗ್ಗಿಸಿ ಐದು ನಿಮಿಷದಲ್ಲಿ ಹೊರಡುತ್ತಾರೆ. ಹಿಂದಿನ ಕಾರಿನ ಮರಳು ಆ ಬ್ರಷ್ಷಿನಲ್ಲಿ ಇರುವುದಿಲ್ಲವೇ? ನೀರಿನ ಲೆಕ್ಕವೂ ಹಾಗೇ. ಪೈಪು ಹಿಡಿದು ಪಕ್ಕದ ಮನೆಯವರು ಸುರಿಯುವ ನೀರಿನಲ್ಲಿ ಅಪ್ಪ ಎಷ್ಟೋ ವಾರ ತೊಳೆಯುತ್ತಾರೆ. ನೀರು ಕಡಿಮೆ ಇರುವ ಕಡೆ ಎರಡು ಬಕೆಟ್, ಪೈಪು ಅಂತ ಹಟ ಹಿಡಿಯುವುದು ಸರಿಯಲ್ಲ. ಅದಕ್ಕೂ ದಾರಿ ಇದೆ. ಒರೆಸಿದ ಮೇಲೆ ನೀರಲ್ಲಿ ತೊಳೆಯಬೇಕಿಲ್ಲದ ದ್ರಾವಣ ಸಿಗುತ್ತದೆ. ಒಂದು ಬಕೆಟ್ಟಿಗೆ ಸ್ವಲ್ಪ ಹಾಕಿ, ಏಳೆಂಟು ಮೈಕ್ರೋಫೈಬರ್ ಬಟ್ಟೆ ಅದರಲ್ಲಿ ನೆನೆಸಿಡಬೇಕು. ಒಂದು ಬಟ್ಟೆಯ ಒಂದು ಮಡಿಕೆ ಒಂದು ಭಾಗಕ್ಕೆ. ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಬಾರದು. ಕೆಸರು ಮೆತ್ತಿದ ಕಾರಿಗೆ ಇದು ಆಗದು, ಬರೀ ಧೂಳಿಗೆ ಸಾಕು. ಅಪ್ಪನಿಗೆ ಇದನ್ನು ಮೊದಲೇ ಹೇಳಬೇಕಿತ್ತು, ಟಾರ್ಚ್ ಹಿಡಿಯುವ ಮುಂಚೆ.

ಹೋದ ವಾರ ಫೋನ್ ಮಾಡಿದಾಗ ಅಪ್ಪ ತಾವಾಗೇ ವಿಷಯ ಎತ್ತಿದರು. "ಇವತ್ತು ಎರಡನೇ ಬಕೆಟ್ ಇಟ್ಟಿದ್ದೆ ಕಣೋ. ನೀರು ಚೆಲ್ಲೋವಾಗ ತಳ ನೋಡ್ದೆ. ಒಂದು ಹಿಡಿ ಮರಳು."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಆ ಬಟ್ಟೆಗಳನ್ನು ಬರುವಾಗ ಎಷ್ಟು ತರ್ತೀಯಾ ಅಂತ ಕೇಳಿದರು.